ಎಪ್ಪತ್ತಾಗಲಿ ಅಂದಿದ್ದೆ

ಮಾರ್ಚ್ ೩, ಮಂಗಳವಾರ. ಸಂಜೆ ಐದು

…ಅದೂ ಅಲ್ಲದೆ, ಕಟಿಂಗ್ ಶಾಪಿನವನ ಮಾತು ಕೇಳಿ ಪಿಂಚಣಿ ತೀರ್ಮಾನ ಮಾಡುವುದಕ್ಕೆ ನನಗೇನು ತಲೆ ಕೆಟ್ಟಿದೆಯೆ? ನಿನ್ನೆ ಇಲ್ಲಿಗೇ ನಿಲ್ಲಿಸಿದ್ದೆ. ಅವನ ವಾದ ಇಷ್ಟು: "ಯಜಮಾನ್ರೇ, ಅರವತ್ತೈದಾಯ್ತು. ಸರ್ಕಾರ ಕೊಡ್ತೀನಿ ಅಂತಿದೆ, ತಗೊಳ್ಳಿ. ಎಪ್ಪತ್ತಕ್ಕೆ ಜಾಸ್ತಿ ಕೊಡ್ತಾರೆ, ಸರಿ. ಎಪ್ಪತ್ತಕ್ಕೆ ನೀವಿರ್ತೀರಿ ಅಂತ ಯಾರಾದ್ರೂ ಬರ್ಕೊಟ್ಟಿದಾರಾ?" ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಕೇಳುವ ಪ್ರಶ್ನೆಯೇ!

ನನ್ನ ಲೆಕ್ಕ ಬೇರೆ. ಈಗ ಶುರು ಮಾಡಿದರೆ ಬರುವುದು ಕಡಿಮೆ, ಸಾಯುವವರೆಗೂ ಅಷ್ಟೇ. ಈ ಎರಡು ಕೋಣೆಯ ಬಾಡಿಗೆ ಕಟ್ಟಿದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಐದು ವರ್ಷ ಕಾದರೆ ಮೂರನೇ ಒಂದು ಭಾಗ ಹೆಚ್ಚು. ಇಲ್ಲೇ ಇರಬಹುದು, ಮಗಳ ಮನೆಯ ಸೋಫಾ ಮೇಲೆ ಮಲಗಬೇಕಿಲ್ಲ. ಅಲ್ಲಿಯವರೆಗೆ ಲಿಫ್ಟ್ ರಿಪೇರಿ ಇದ್ದೇ ಇದೆ. ನಲವತ್ತೊಂದು ವರ್ಷ ಮಾಡಿದವನಿಗೆ ಇನ್ನೈದು ಯಾವ ಮಹಾ. ನನ್ನ ಹೆಂಡತಿಯೂ ಹಾಗೇ ಅನ್ನುತ್ತಿದ್ದಳು, "ಇಬ್ಬರೂ ಎಪ್ಪತ್ತಕ್ಕೇ ತಗೊಳ್ಳೋಣ ಕಣ್ರೀ, ಜುಮ್ ಅಂತ ಇರೋಣ." ಅರವತ್ತೆರಡಕ್ಕೇ ಹೊರಟುಬಿಟ್ಟಳು. ಒಂದು ತಿಂಗಳದ್ದೂ ಮುಟ್ಟಲಿಲ್ಲ.

ನೆವರ್‌ದಲೆಸ್. ಆದಾಗ್ಯೂ. ಒಂದೂವರೆ ವರ್ಷ ಕಾಲೇಜಿನ ಬೆಂಚು ಸವೆಸಿದ್ದಕ್ಕೆ ಉಳಿದ ಪದ. ಅರ್ಥ ಈಗೀಗ ಆಗುತ್ತಿದೆ.

ಮಾರ್ಚ್ ೫, ಗುರುವಾರ

ಪಿಂಚಣಿ ಕಚೇರಿ. ಎರಡು ಗಂಟೆ ಕೂತೆ. ನಾಲ್ಕನೇ ಕಿಟಕಿಯ ಹುಡುಗಿ ಕಂಪ್ಯೂಟರ್ ನೋಡಿಕೊಂಡೇ ಕೇಳಿದಳು, "ನಿಮ್ಮ ತಂದೆ ಎಷ್ಟು ವರ್ಷ ಇದ್ರು ಸರ್?"

"ಐವತ್ತೆಂಟು."

"ತಾಯಿ?"

"ಇದಾರೆ, ನಮ್ಮಣ್ಣನ ಮನೇಲಿ. ಎಂಬತ್ತೊಂಬತ್ತು. ನಿನ್ನೆ ಫೋನಲ್ಲಿ ಬೈದ್ರು."

ನಕ್ಕಳು. "ಹಾಗಾದ್ರೆ ನೀವು ಯಾರ ಕಡೆ ಅನ್ನೋದರ ಮೇಲಿದೆ."

ಲೈಫ್ ಎಕ್ಸ್‌ಪೆಕ್ಟೆನ್ಸಿ ಅಂದರೆ ಇದೇ ಇರಬೇಕು. ಫಾರ್ಮು ತಂದೆ, ತುಂಬಲಿಲ್ಲ. ಎಪ್ಪತ್ತಾಗಲಿ. ಮಗಳಿಗೆ ಫೋನ್ ಮಾಡಿ ಹೇಳಿದೆ. "ಸದ್ಯ, ನಿಂಗಿನ್ನೂ ಬುದ್ಧಿ ಇದೆ ಅಪ್ಪಾ." ಸರ್ಟಿಫಿಕೇಟ್ ಸಿಕ್ಕಿತು.

ಮಾರ್ಚ್ ೧೦, ಮಂಗಳವಾರ

ಬರೆಯಬಾರದು ಅಂದುಕೊಂಡೆ. ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಫೋನು. ನಿನ್ನೆ ಸಂಜೆ ನಾನು ಸರ್ವಿಸ್ ಮಾಡಿದ್ದ ಲಿಫ್ಟು, ಐದನೇ ಮಹಡಿಯಲ್ಲಿ ಬಾಗಿಲು ತೆರೆದಿರುವಾಗಲೇ ಮೇಲಕ್ಕೆ ಹೊರಟಿದೆ. ನೆಲ ಒರೆಸುವಾಕೆ ಒಂದು ಕಾಲು ಒಳಗಿಟ್ಟಿದ್ದಳಂತೆ. ಹಿಂದಕ್ಕೆ ಬಿದ್ದಿದ್ದರಿಂದ ಉಳಿದಳು. ಹೋಗಿ ನೋಡಿದರೆ ಬಕೆಟ್ ಅಪ್ಪಚ್ಚಿ. ನೀಲಿ ಬಕೆಟ್. ಆಕೆಯ ಪಾದದ ಮೇಲೆ ಉದ್ದಕ್ಕೆ ತರಚಿತ್ತು.

ಬಾಗಿಲು ಮುಚ್ಚದೆ ಲಿಫ್ಟ್ ಕದಲಬಾರದು, ಅದಕ್ಕೊಂದು ಕಾಂಟ್ಯಾಕ್ಟ್ ಇದೆ. ರಿಪೇರಿಯಲ್ಲಿ ಕೆಲವೊಮ್ಮೆ ಬಾಗಿಲು ತೆರೆದೇ ಓಡಿಸಿ ನೋಡಬೇಕಾಗುತ್ತದೆ. ಆಗ ಕಾಂಟ್ಯಾಕ್ಟಿನ ಎರಡು ತುದಿಗೂ ಗೇಣುದ್ದ ವೈರು ಸಿಕ್ಕಿಸಿ ಲಿಫ್ಟಿಗೆ ಸುಳ್ಳು ಹೇಳುತ್ತೇವೆ—ಬಾಗಿಲು ಮುಚ್ಚಿದೆ, ನಡಿ. ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಕೆಲಸಕ್ಕೆ ಸೇರಿದವರಿಗೆ ಮೊದಲ ವಾರ ಕಲಿಸುವುದೇ ಇದು. ನಾನೇ ಎಷ್ಟು ಜನಕ್ಕೆ ಕಲಿಸಿದ್ದೇನೆ.

ಪ್ಯಾನೆಲ್ ಬಿಚ್ಚಿದೆ. ನನ್ನ ಕೆಂಪು ವೈರು ಅಲ್ಲೇ ಇತ್ತು.

ಜೇಬಿಗೆ ಹಾಕಿಕೊಂಡೆ. ರಿಜಿಸ್ಟರಿನಲ್ಲಿ ಬರೆದೆ: ಕಾಂಟ್ಯಾಕ್ಟಿನಲ್ಲಿ ಧೂಳು, ಕ್ಲೀನ್ ಮಾಡಲಾಗಿದೆ. ಸಹಿ.

ಹೊರಡುವಾಗ ಆಕೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. "ದೇವರ ಹಾಗೆ ಬಂದ್ರಿ ಅಣ್ಣಾ. ಆ ಹಾಳು ಲಿಫ್ಟು ಇನ್ಯಾರನ್ನ ನುಂಗ್ತಿತ್ತೋ."

ಹೂಂ ಅಂದೆ. ಹೂಂ!

ಮಾರ್ಚ್ ೧೯, ಗುರುವಾರ

ರಜಾ ಹಾಕಿ ಒಂಬತ್ತು ದಿನ ತಿರುಗಿದೆ. ಎರಡು ತಿಂಗಳಲ್ಲಿ ನಾನು ಕೈಹಾಕಿದ ಲಿಫ್ಟು ಇಪ್ಪತ್ತಾರು. ಒಂದೊಂದನ್ನೂ ಬಿಚ್ಚಿ ನೋಡಿದೆ. "ಮೊನ್ನೆ ತಾನೆ ಬಂದಿದ್ರಲ್ಲ?" ಅಂತ ವಾಚ್‌ಮನ್‌ಗಳು. ಮನೇಲಿ ಬೇಜಾರು ಅಂದೆ.

ವೈರು ಎಲ್ಲೂ ಇಲ್ಲ. ಆದರೆ ಒಂದು ಕ್ಲಿನಿಕ್ಕಿನ ಲಿಫ್ಟಿನಲ್ಲಿ ಫ್ಯಾನಿನ ನಾಲ್ಕು ಸ್ಕ್ರೂಗಳಲ್ಲಿ ಎರಡೇ. ಉಳಿದೆರಡು ಲಿಫ್ಟಿನ ತಲೆ ಮೇಲೆ ಜೋಡಿಸಿಟ್ಟಿದ್ದವು, ನೀಟಾಗಿ, ಅಕ್ಕಪಕ್ಕ. ಇಟ್ಟವನು ನಾನೇ. ಇಟ್ಟ ನೆನಪಿಲ್ಲ. ಒಂದಿಷ್ಟೂ ಇಲ್ಲ.

ಮಾರ್ಚ್ ೨೦, ಶುಕ್ರವಾರ

ಸೂಪರ್‌ವೈಸರಿಗೆ ಎಲ್ಲ ಹೇಳಿಬಿಟ್ಟೆ. ಮೀಸೆ ಅಂತ ಅವನಿಗೆ ಅಡ್ಡಹೆಸರು, ಮೀಸೆಯೇ ಬರದ್ದಕ್ಕೆ. ಎದ್ದು ಬಾಗಿಲು ಹಾಕಿದ.

"ಯಾರಿಗೂ ಏನೂ ಆಗಿಲ್ಲ ತಾನೆ? ಬಿಡಿ ಗುರುಗಳೇ. ನನ್ನ ಹತ್ರ ಜನ ಇಲ್ಲ. ನೀವು ಹೋದ್ರೆ ಆ ಹಳೇ ಮೆಷಿನ್‌ಗಳನ್ನ ಯಾರು ಮುಟ್ತಾರೆ? ಎಪ್ಪತ್ತರವರೆಗೂ ಆರಾಮಾಗಿ ಇರಿ, ನಾನಿದೀನಿ."

ಆಸೆಯಾಯಿತು. ಸುಳ್ಳು ಯಾಕೆ. ಮೆಟ್ಟಿಲಿಳಿಯುವಷ್ಟರಲ್ಲಿ ಬಾಡಿಗೆ, ಐದು ವರ್ಷ, ಈ ಮನೆ—ಎಲ್ಲ ಮತ್ತೆ ಸರಿಯಾಗಿ ಕೂತುಬಿಟ್ಟಿತ್ತು. ಬಸ್ಸಿನಲ್ಲಿ ಯೋಚನೆ ಬಂತು: ಐದು ವರ್ಷ ಕಾಯುವವನು ನಾನೊಬ್ಬನೇ ಅಂದುಕೊಂಡಿದ್ದೆ. ಲಿಫ್ಟ್ ಹತ್ತುವವರೂ ಕಾಯಬೇಕು, ನನ್ನ ಮುಂದಿನ ಮರೆವಿಗೆ, ಪಾಪ, ತಮಗೇ ಗೊತ್ತಿಲ್ಲದೆ.

ರಾಜೀನಾಮೆ ಬರೆಯಲು ಕೂತೆ. ಐ ಬೆಗ್ ಟು ಸ್ಟೇಟ್ ದಟ್... ಮುಂದಿನದು ಮರೆತಿದೆ. ನಮ್ಮ ಭಾಷೆಯಲ್ಲೇ ಬರೆದೆ. ಮೂರು ಸಾಲಿಗೆ ಮುಗಿಯಿತು.

ಏಪ್ರಿಲ್ ೨, ಗುರುವಾರ. ಸಂಜೆ

ಫಾರ್ಮು ಕೊಟ್ಟೆ. ಅದೇ ಹುಡುಗಿ. "ಒಂದ್ಸಲ ಶುರುವಾದ್ರೆ ಆಮೇಲೆ ಜಾಸ್ತಿ ಮಾಡೋಕಾಗಲ್ಲ ಸರ್. ಸೀಲ್ ಹಾಕ್ಲಾ?"

"ಹಾಕಮ್ಮಾ."

ಮನೆ ಮಾಲೀಕರಿಗೂ ತಿಳಿಸಿದೆ. ತಿಂಗಳ ಕೊನೆಗೆ ಖಾಲಿ. ಒಂದು ಕೋಣೆಯದ್ದು ಹುಡುಕಬೇಕು, ಸಿಗದಿದ್ದರೆ ಸೋಫಾ.

ನಾಲ್ಕಕ್ಕೆ ಮಗಳ ಫೋನು. ಫಾರ್ಮು ಕೊಟ್ಟೆ ಅಂದೆ. "ತಲೆ ಸರಿ ಇದ್ಯಾ ಅಪ್ಪಾ? ಬರೋ ದುಡ್ಡನ್ನ ಒದ್ದು ಬರ್ತಾರಾ ಯಾರಾದ್ರೂ?"

ಮಂಡಿ ನೋವು ಅಂದೆ.

"ಮಂಡಿಗೆ ಡಾಕ್ಟ್ರಿದಾರೆ. ನಿಜ ಹೇಳು."

ಹೇಳಿದೆ. ವೈರು, ಬಕೆಟ್, ರಿಜಿಸ್ಟರ್, ಆ ಎರಡು ಸ್ಕ್ರೂ. ಆ ಕಡೆ ಪಾತ್ರೆ ತೊಳೆಯುವ ನೀರಿನ ಸದ್ದು ನಿಂತಿತು. ಬೈಯಲಿ ಅಂತ ಕಾದೆ.

"ಆ ಯಮ್ಮ ಹೇಗಿದಾರಪ್ಪಾ ಈಗ?"

ಗೊತ್ತಿಲ್ಲ. ಇಪ್ಪತ್ತಾರು ಲಿಫ್ಟು ಬಿಚ್ಚಿ ನೋಡಿದವನು ಆ ಒಂದು ಕಾಲನ್ನು ಹೋಗಿ ನೋಡಿಲ್ಲ.

ನಾಳೆ ಹೋಗುತ್ತೇನೆ. ರಿಜಿಸ್ಟರ್ ಸುಲಭ, ಗೆರೆ ಹೊಡೆದು ಪಕ್ಕದಲ್ಲಿ ನಿಜ ಬರೆದರಾಯಿತು. ಆಕೆಯ ಮುಂದೆ ಏನನ್ನುವುದು? ಇಲ್ಲೇ ಒಮ್ಮೆ ಬರೆದು ನೋಡಿಕೊಳ್ಳೋಣ ಅಂತ ಕೂತು ಅರ್ಧ ಗಂಟೆಯಾಯಿತು. ಇಂಗ್ಲಿಷಿನಲ್ಲಾದರೆ ಐ ರಿಗ್ರೆಟ್ ಅಂದು ಜಾರಿಕೊಳ್ಳಬಹುದಿತ್ತು. ಆಕೆ ಅಣ್ಣಾ ಅಂದಿದ್ದಾಳೆ.

ಅಕ್ಕಾ, ಆವತ್ತು ಲಿಫ್ಟು ಕೆಟ್ಟಿರಲಿಲ್ಲ. ಹಿಂದಿನ ದಿನ ಸಂಜೆ ನಾನು ಅಲ್ಲಿ—

ಸಾಲು ಕಾಣಿಸುತ್ತಿಲ್ಲ. ಕಿಟಕಿಯಲ್ಲಿ ಬೆಳಕು ಇಳಿದುಬಿಟ್ಟಿದೆ, ಗೊತ್ತೇ ಆಗಲಿಲ್ಲ. ನಾನು ಅಲ್ಲಿ ಒಂದು ವೈರು