ಒಂದು ರಿಂಗಿನ ಸೋಮವಾರಗಳು

ಮೇಲವಂಕಿ,
ಶುಕ್ರವಾರ, ೧೨ ಜುಲೈ ೨೦೨೪

ಪ್ರೀತಿಯ ಪದ್ದೀ,

ಹೇಗಿದ್ದೀ ಯವ್ವಾ? ಚಿಪಳೂಣದ ಮಳೆ ನಿನಗೆ ಒಗ್ಗಿದೆಯೇ? ಇಲ್ಲಿಯ ನಾಲ್ಕು ಹನಿಗೇ ನಿನಗೆ ಮೂಗು ಕಟ್ಟಿ ತಲೆ ಭಾರವಾಗುತ್ತಿತ್ತು. ಅವ್ವ ಅಜವಾನದ ಗಂಟನ್ನು ಹಂಚಿನ ಮೇಲೆ ಕಾಸಿ ಹಣೆಗೆ ಶಾಖ ಕೊಡುತ್ತಿದ್ದಳು. ಅಲ್ಲಿ ಯಾರು ಕೊಡುತ್ತಾರೆ? ಹಾಸ್ಟೆಲಿನ ಅಡುಗೆಮನೆಯೆಲ್ಲ ನಿನ್ನ ಮೇಲ್ವಿಚಾರಣೆಯಲ್ಲೇ ಇದೆ ಎಂದು ನಿನ್ನ ಗೆಳತಿ ಸಪ್ನಾ ಹೇಳಿದಳು. ನೂರು ಹುಡುಗಿಯರಿಗೆ ಉಣಿಸುವವಳು ತಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎಂಬುದು ಅವ್ವನ ಚಿಂತೆ. ನನ್ನ ಅಕ್ಷರದ ಬಗ್ಗೆ ಬೇಸರ ಮಾಡಿಕೊಳ್ಳಬೇಡ. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತು ಬರೆದ ಕಂಡಕ್ಟರನ ಕೈ ಇದು, ಮನೆಯಲ್ಲಿ ಕುಳಿತು ಬರೆದರೂ ಅಲ್ಲಾಡುತ್ತದೆ. ಸಾವಕಾಶ ಓದು.

ಇಲ್ಲಿ ಎಲ್ಲರೂ ಆರಾಮ. ಉಮೇಶ ಸಂಕೇಶ್ವರದ ಕಾರ್ಖಾನೆಗೆ ಹೋಗಿ ಬಂದು ಮಾಡುತ್ತಾನೆ, ಪೂನಮ್ ಹಿತ್ತಲಲ್ಲಿ ಮೆಂತ್ಯೆ ಬಿತ್ತಿದ್ದಾಳೆ. ಅವರ ಮಗಳು ಶಾಲೆಗೆ ಹೋಗುವಾಗ ದಿನಾಲೂ ಒಂದು ರಂಪ ಮಾಡುತ್ತಾಳೆ, ಥೇಟ್ ನೀನೇ. ಅವ್ವನಿಗೆ ಮಾತ್ರ ಮೇ ತಿಂಗಳಲ್ಲಿ ಒಂದು ಸಂಜೆ ಚಕ್ಕರ್ ಬಂದು ಅಡುಗೆಮನೆಯಲ್ಲೇ ಕುಸಿದು ಕುಳಿತಳು. ಗಾಬರಿಯಾಗಬೇಡ, ಈಗ ಗುಳಿಗೆ ತೆಗೆದುಕೊಂಡು ಗಟ್ಟಿಯಾಗಿದ್ದಾಳೆ, ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಆದರೆ ಆ ಹೊತ್ತಿಗೆ ಡಾಕ್ಟರರಿಗೆ ಫೋನ್ ಹಚ್ಚೋಣವೆಂದರೆ ಮನೆಯೊಳಗಿನಿಂದ ಹೋಗಲೇ ಇಲ್ಲ. ಪೂನಮ್‌ಳದೂ ಅದೇ ಕಂಪನಿಯ ಸಿಮ್. ಚಪ್ಪಲಿ ಇಲ್ಲದೆ ಬೇವಿನ ಕಟ್ಟೆಯವರೆಗೆ ಓಡಿ ಅಲ್ಲಿಂದ ಮಾತನಾಡಿದೆ. ರಾತ್ರಿ ಉಮೇಶ ಬಂದವನೇ, "ಅಪ್ಪಾ, ಈ ಕಂಪನಿ ಬಿಡ್ರಿ ಇನ್ನ, ಸಾಕ್ ಮಾಡ್ರಿ," ಎಂದು ಹಟ ಹಿಡಿದ.

ನಾನು ಒಪ್ಪಲಿಲ್ಲ. ನಂಬರ್ ಹೋಗಿಬಿಟ್ಟರೆ? ಆ ನಂಬರ್ ಆರಿಸಿದವಳು ನೀನು. ನೆನಪಿದೆಯೇ? ನೀನು ಗೋಕಾಕದ ಕಾಲೇಜಿಗೆ ಸೇರಿದ ವರ್ಷ, ಮೂಡಲಗಿಯಲ್ಲಿ ಅಲ್ಲಾಬಕ್ಷ ಇನ್ನೂ ಅಂಗಡಿ ಹಾಕಿರಲಿಲ್ಲ, ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ತಾಡಪತ್ರಿಯ ಕೆಳಗೆ ಒಂದು ಟೇಬಲ್ಲು ಇಟ್ಟುಕೊಂಡು ಸಿಮ್ ಮಾರುತ್ತಿದ್ದ. ಹಾಳೆಯ ತುಂಬ ನಂಬರುಗಳನ್ನು ಬರೆದಿದ್ದ. ನಾನು ಯಾವುದೋ ಒಂದಕ್ಕೆ ಬೆರಳು ಇಟ್ಟರೆ ನೀನು ಕೈ ಸರಿಸಿ, "ಅಪ್ಪಾ, ಅವ್ವನ ಬಾಯಾಗ ಕೂಡೂವಂಥಾದ್ದ ಬೇಕು," ಎಂದು ಹಾಳೆಯನ್ನೆಲ್ಲ ಜಾಲಾಡಿ ಕೊನೆಗೆ ನಾಲ್ಕು ನಾಲ್ಕು ಐದು ಐದು ಬರುವುದನ್ನು ಹಿಡಿದೆ. ಮನೆಗೆ ಬಂದು ಕದದ ಹಿಂದೆ ಸುಣ್ಣದಲ್ಲಿ ದೊಡ್ಡದಾಗಿ ಬರೆದೆ. ಅವ್ವ ರೊಟ್ಟಿ ಬಡಿಯುತ್ತ ಅದನ್ನು ಬಾಯಿಪಾಠ ಮಾಡಿದಳು. ಅಕ್ಷರ ಓದಲು ಬಾರದ ಸಾತವ್ವ ಫೋನ್ ನಂಬರ್ ಹೇಳುತ್ತಾಳೆಂದು ಓಣಿಯ ಹೆಂಗಸರು ಬಂದು ಹೇಳಿಸಿ ಕೇಳಿ ನಕ್ಕು ಹೋಗುತ್ತಿದ್ದರು. ಎಷ್ಟು ಚೆಂದದ ದಿನಗಳವು!

ಮಿಸ್ ಕಾಲಿನ ಕಾಯಿದೆ ಮಾಡಿದವಳೂ ನೀನೇ. ಒಂದು ರಿಂಗ್ ಬಂದರೆ ಹಾಸ್ಟೆಲ್ ಮುಟ್ಟಿದೆ, ಆರಾಮ ಇದ್ದೇನೆ, ತಿರುಗಿ ಹಚ್ಚಬೇಡಿ. ಎರಡು ಬಂದರೆ ಅಪ್ಪಾ ಸೈಕಲ್ ತಗೊಂಡು ಸ್ಟ್ಯಾಂಡಿಗೆ ಬಾ. ಮೂರು ಬಂದರೆ ನೀವೇ ಹಚ್ಚಿರಿ, ಮಾತಿದೆ. ಯಾರೂ ಎತ್ತುವಂತಿಲ್ಲ. ಒಮ್ಮೆ ನಿನ್ನ ಸೋದರಮಾವ ಸದಾಶಿವ ಬಂದವನು ಫೋನ್ ಬಾರಿಸಿತೆಂದು ಎತ್ತಿ "ಹಲೋ" ಎಂದದ್ದಕ್ಕೆ ಅವ್ವ ಅವನಿಗೆ ಆ ದಿನ ಚಹಾ ಕೊಡಲಿಲ್ಲ. ರವಿವಾರ ಮನೆಯಲ್ಲಿದ್ದು ನೀನು ಮರಳಿದ ಸೋಮವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ ಗೋಡೆಯ ಗೂಡಿನಲ್ಲಿದ್ದ ಫೋನ್ ಒಂದು ಸಲ ಗುಂಯ್ ಎಂದರೆ ಸಾಕು, "ಮುಟ್ಟಿದಳು ನೋಡ್ರಿ," ಎಂದು ಅವ್ವ ದೇವರಿಗೆ ಕೈ ಮುಗಿದು ನನಗೆ ಊಟಕ್ಕೆ ಬಡಿಸುತ್ತಿದ್ದಳು.

ಈಗ ಬರೆಯಲು ಕೈ ಹಿಂಜರಿಯುವ ಮಾತು. ಎರಡು ವರ್ಷದ ಹಿಂದೆ ದಸರೆ ಮುಗಿದ ಮೇಲೆ ನೀನು ಹುಕ್ಕೇರಿಯ ಗಂಡನ ಮನೆಯಿಂದ ಎರಡು ಚೀಲ ಹಿಡಿದು ಬಂದೆ. ಅವನು ಕೈ ಮಾಡುತ್ತಾನೆ, ಇನ್ನು ಹೋಗುವುದಿಲ್ಲ ಎಂದೆ. ನಾನು ಚಪ್ಪರದಡಿ ನಿಂತು, ನೆರೆಹೊರೆಯವರು ಕೇಳುವಂತೆ, "ಹುಕ್ಕೇರಿಗಿ ಟಿಕೀಟ್ ತಗೊಂಡಾಕಿ ನಡುವ ಇಳೀಬಾರದು," ಎಂದೆ. ಎಂಥ ಮಾತದು! ಬಸ್ಸಿನಲ್ಲಿ ಆಡುವ ಮಾತನ್ನು ಹೆತ್ತ ಮಗಳಿಗೆ ಆಡಿದೆ. ಉಮೇಶನೂ ನನ್ನ ಪರವಾಗಿಯೇ ನಿಂತ, ಅವನ ನಂಬರನ್ನು ಅಳಿಸಿ ಹಾಕುತ್ತೇನೆಂದು ನೀನು ಹೇಳಿದೆ. ನೀರೂ ಕುಡಿಯದೆ ಹೋದೆ.

ವಾರದಲ್ಲಿ ಸಂಕೇಶ್ವರದಿಂದ ನಿನ್ನ ಗೆಳತಿ ಸಪ್ನಾ ಬಂದು ನಿನ್ನ ಹೊಸ ನಂಬರ್ ಕೊಟ್ಟಳು, ಪೂನಮ್ ಅದನ್ನು ನನ್ನ ಫೋನಿನಲ್ಲಿ ನಿನ್ನ ಹೆಸರು ಹಾಕಿ ಇಟ್ಟಳು. ಅವಳೇ ಮೊದಲು ಮಾತನಾಡಲಿ, ಅಲ್ಲಿಯವರೆಗೆ ಯಾರೂ ಹಚ್ಚಕೂಡದು ಎಂದು ನಾನು ಕಟ್ಟಪ್ಪಣೆ ಮಾಡಿದೆ. ಆಮೇಲೆ ಒಂದು ಸೋಮವಾರ ಸಂಜೆ ಗೂಡಿನಲ್ಲಿ ಫೋನ್ ಗುಂಯ್ ಎಂದಿತು, ನಿನ್ನ ಹೆಸರು ಬಂತು, ನಿಂತಿತು. ಒಂದೇ ರಿಂಗ್! ಅವ್ವ ಅತ್ತೂ ಅತ್ತು ನಕ್ಕಳು. ಮುಂದಿನ ಸೋಮವಾರ ಮತ್ತೆ ಒಂದು. ಅದರ ಮುಂದಿನ ಸೋಮವಾರವೂ ಒಂದು. ಆರಾಮ ಇದ್ದೇನೆ, ಆದರೆ ಮಾತು ಬೇಡ ಎನ್ನುತ್ತಿದ್ದಾಳೆ ಎಂದು ನಾವು ತಿಳಿದೆವು. ಪೂನಮ್ ಒಮ್ಮೆ ತಿರುಗಿ ಹಚ್ಚಲು ಹೋದರೆ ಅವ್ವನೇ ಕೈ ಹಿಡಿದಳು: "ಬ್ಯಾಡವ್ವಾ, ಒಂದ ಕೊಟ್ಟಾಳ. ಮೂರ ಕೊಡ್ಲಿ, ಆವಾಗ ಹಚ್ಚೂಣು." ಖರೆ ಹೇಳುತ್ತೇನೆ, ಆ ಕಾಯಿದೆ ನನಗೂ ಅನುಕೂಲವಾಗಿಯೇ ಇತ್ತು. ನಿನ್ನ ಎದುರು ಏನು ಮಾತನಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಈ ಯುಗಾದಿಯ ನಂತರ ಅದೂ ನಿಂತಿತು. ಸೋಮವಾರ ಬಂದರೆ ಅವ್ವ ದೀಪ ಹಚ್ಚಿ ಗೂಡಿನ ಎದುರೇ ಕೂರುತ್ತಿದ್ದಳು. ಚಕ್ಕರ್ ಬಂದದ್ದೂ ಒಂದು ಸೋಮವಾರವೇ.

ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಮಾತ್ರ ಬದಲಿಸಬಹುದು ಎಂದು ಉಮೇಶ ಪ್ರಮಾಣ ಮಾಡಿ ಹೇಳಿದ ಮೇಲೆ ನಾನು ಹೊರಟೆ. ಹೊಸ ಕಂಪನಿ ಯಾವುದು ಹಿಡಿಯುತ್ತದೆಂದು ಕೇಳಲು ಮೊದಲು ಗೋಕಾಕದ ಒಂದು ದೊಡ್ಡ ಅಂಗಡಿಗೆ ಹೋದೆ. ಟೈ ಕಟ್ಟಿಕೊಂಡಿದ್ದವನು ಕಂಪ್ಯೂಟರಿನಲ್ಲಿ ನೆಟ್‌ವರ್ಕಿನ ನಕಾಶೆ ತೆಗೆದು, "ನೋಡ್ರಿ ಅಜ್ಜಾರ, ಮೇಲವಂಕಿ ಪೂರಾ ಹಸಿರ ಐತಿ," ಎಂದ. "ನಕಾಶೆದಾಗ ನಮ್ಮ ಅಡಗಿಮನಿ ಎಲ್ಲೈತಿ ತೋರಸಪಾ," ಎಂದೆ. ಅವನಿಗೆ ಸಿಟ್ಟು ಬಂತು, ನನಗೂ ಬಂತು. ಹುಕ್ಕೇರಿಯಲ್ಲಿ ನನ್ನ ಹಳೆಯ ಡ್ರೈವರ್ ಗೆಳೆಯನ ಮಗ ಶುಭಮ್ ಅಂಗಡಿ ಇಟ್ಟಿದ್ದಾನೆ, ಅಲ್ಲಿಗೂ ಹೋದೆ. ಪಾಪ, ಒಳ್ಳೆಯ ಹುಡುಗ, ತನ್ನ ಫೋನ್ ಎತ್ತಿ ತೋರಿಸಿದ, ಸಿಗ್ನಲಿನ ಕಡ್ಡಿ ನಾಲ್ಕಕ್ಕೆ ನಾಲ್ಕೂ ನಿಂತಿದ್ದವು. ಆದರೆ ಹುಕ್ಕೇರಿಯ ಟವರ್ ನನ್ನ ಜೊತೆ ಬಸ್ಸು ಹತ್ತಿ ಬರುತ್ತದೆಯೇ? ಬರುವಾಗ ನಿನ್ನ ಅತ್ತೆಮನೆಯ ಓಣಿ ದಾಟಬೇಕಾಯಿತು. ತಲೆ ತಗ್ಗಿಸಿ ದಾಟಿದೆ.

ಕೊನೆಗೆ ಮೂಡಲಗಿಗೇ ಹೋದೆ. ಅಲ್ಲಾಬಕ್ಷನದು ಈಗ ಗಾಜಿನ ಅಂಗಡಿ, ಗಲ್ಲೆಯ ಮೇಲೆ ಅವನ ಮಗಳು ಫರೀನ ಕೂರುತ್ತಾಳೆ. ಅವನ ಗಡ್ಡ ಬೆಳ್ಳಗಾಗಿದೆ, ಆದರೆ ನನ್ನನ್ನು ಕಂಡೊಡನೆ, "ನಾಲ್ಕ ನಾಲ್ಕ ಐದ ಐದ ಕಾಕಾ, ಬರ್ರಿ ಬರ್ರಿ!" ಎಂದು ಎದ್ದು ನಿಂತ. ಯಾವ ಕಂಪನಿ ಛಲೋ ಎಂದು ಕೇಳಿದರೆ ಹೇಳಲೊಲ್ಲ. "ಅಂಗಡ್ಯಾಗ ಕುಂತ ಹೆಂಗ ಹೇಳ್ಲಿ ಕಾಕಾ? ಮನಿ ನೋಡಬೇಕು. ಗ್ವಾಡಿ ದಪ್ಪ ಇದ್ರ ಒಂದ ನಮೂನಿ, ಮ್ಯಾಲ ತಗಡಿನ ಪತ್ರಾ ಹಾಕಿದ್ರ ಒಂದ ನಮೂನಿ," ಎಂದ. ಹೆಣ್ಣು ನೋಡಲು ಬರುವವರಂತೆ ಮರುದಿನವೇ ಮೂರು ಕಂಪನಿಯ ಮೂರು ಫೋನ್ ಹಿಡಿದು ಮೋಟಾರ್‌ಸೈಕಲ್ ಮೇಲೆ ಬಂದುಬಿಟ್ಟ. ಅಂಗಳ, ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ, ಎಲ್ಲ ಕಡೆಯೂ ನಿಂತು, ಎಷ್ಟು ಕಡ್ಡಿ ಬರುತ್ತವೆಂದು ಚೀಟಿಯಲ್ಲಿ ಬರೆದುಕೊಂಡ. ಎಮ್ಮೆ ಅವನನ್ನೇ ನೋಡುತ್ತಿತ್ತು.

ಆಮೇಲೆ ನಮ್ಮ ಹಳೆಯದನ್ನೂ ಒಮ್ಮೆ ನೋಡೋಣವೆಂದು ನನ್ನ ಫೋನನ್ನು ಗೂಡಿನಲ್ಲಿ ಇಡಿಸಿ, ತಾನು ಹೊರಗೆ ಬೀದಿಗೆ ಹೋಗಿ ಹಚ್ಚಿದ. ಒಳಗೆ ಗುಂಯ್ ಎಂದು ಒಂದು ರಿಂಗ್ ಆಗಿ ನಿಂತಿತು. ಅಡುಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಪದ್ದಿ! ಪದ್ದಿ ಮುಟ್ಟಿದಳು ನೋಡ್ರಿ!" ಎಂದಳು. ಅಷ್ಟರಲ್ಲಿ ಅಲ್ಲಾಬಕ್ಷ ಒಳಗೆ ಬಂದು, "ಕಾಕಾ, ಫೋನ್ ಯಾಕ ಕಟ್ ಮಾಡಿದ್ರಿ?" ಎಂದು ಕೇಳಿದ. ನಾನು ಮುಟ್ಟಿಯೂ ಇಲ್ಲ ಎಂದೆ. ಅವನು ಮತ್ತೆ ಹೋಗಿ ಹಚ್ಚಿದ. ಮತ್ತೆ ಒಂದೇ ರಿಂಗ್. ಮೂರನೆಯ ಸಲವೂ ಒಂದೇ. "ನೆಟ್‌ವರ್ಕ್ ಒಂದ ರಿಂಗಿನಷ್ಟ ಬಂದ ಹೊಳ್ಳಿ ಹೋಗತೈತಿ ಕಾಕಾ. ಹಚ್ಚಿದವರಿಗೆ ನೀವ ಕಟ್ ಮಾಡಿದಂಗ ಅನಸ್ತೈತಿ," ಎಂದ.

ನಮಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಪದ್ದೀ. ಹಗಲೆಲ್ಲ ಫೋನ್ ನನ್ನ ಕಿಸೆಯಲ್ಲಿ ಕಟ್ಟೆಯ ಮೇಲೆ ಇರುತ್ತದೆ, ಅಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಸಂಜೆ ಚಾರ್ಜಿಗೆಂದು ಗೂಡಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಬೇರೆ ಯಾರದಾದರೂ ಒಂದು ರಿಂಗಿಗೇ ಕಟ್ಟಾದರೆ, ಹಾಳು ನೆಟ್‌ವರ್ಕ್ ಎಂದು ಬೈಯುತ್ತಿದ್ದೆವು. ನಿನ್ನದು ಕಟ್ಟಾದರೆ ಮಾತ್ರ ಮುಟ್ಟಿದಳು ಎಂದು ಕೈ ಮುಗಿಯುತ್ತಿದ್ದೆವು. ನೀನು ಮಿಸ್ ಕಾಲ್ ಕೊಡುತ್ತಿರಲಿಲ್ಲ, ಮಾತನಾಡಲು ಹಚ್ಚುತ್ತಿದ್ದೆ. ಪ್ರತಿ ಸೋಮವಾರ ಹಚ್ಚುತ್ತಿದ್ದೆ, ಪ್ರತಿ ಸೋಮವಾರ ನಾವು ಕಟ್ ಮಾಡಿದೆವೆಂದು ತಿಳಿಯುತ್ತಿದ್ದೆ. ಅವ್ವ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. "ಎಷ್ಟ ಸೋಮವಾರ ಆದುವ್ರಿ?" ಎಂದು ಕೇಳಿದಳು. ಎಪ್ಪತ್ತರ ಮೇಲಾಗುತ್ತವೆ. ಅಷ್ಟು ಸಲ ಕಟ್ಟಾದರೂ ಹಚ್ಚಿದೆಯಲ್ಲ ಮಗಳೇ, ನಿನಗೆ ಎಷ್ಟು ತಾಳ್ಮೆ!

ಕಟ್ಟೆಗೆ ಓಡಿ ಹೋಗಿ ನಿನ್ನ ನಂಬರಿಗೆ ಹಚ್ಚಿದೆ. ಅದು ಈಗ ಚಾಲ್ತಿಯಲ್ಲಿಲ್ಲವಂತೆ. ಮರುದಿನ ಸಂಕೇಶ್ವರಕ್ಕೆ ಹೋಗಿ ಸಪ್ನಾಳ ಬಾಗಿಲಲ್ಲಿ ಕುಳಿತೆ. ಹೊಸ ನಂಬರ್ ಕೊಡಲಿಲ್ಲ. ಬಹಳ ಬೇಡಿಕೊಂಡ ಮೇಲೆ, "ವಿಳಾಸ ಕೊಡ್ತೇನ್ರಿ ಕಾಕಾ, ಆದ್ರ ಅಲ್ಲಿಗಿ ಹೋಗಬ್ಯಾಡ್ರಿ, ಕಾಗದ ಬರೀರಿ. ಓದೂದು ಬಿಡೂದು ಅಕಿಗಿ ಬಿಟ್ಟದ್ದು," ಎಂದಳು. ನ್ಯಾಯವಾದ ಮಾತು. ಅದಕ್ಕೇ ಈ ಕಾಗದ.

ಫೋನಿನ ಕೆಲಸವನ್ನು ಅಲ್ಲಾಬಕ್ಷನೇ ಮಾಡಿಕೊಟ್ಟ. ಮೆಸೇಜ್ ಕಳಿಸಿ, ಕಂಪನಿ ಬದಲಿಸಲು ಬೇಕಾದ ಸಂಕೇತ ತರಿಸಿಕೊಂಡ. ಹೆಬ್ಬೆರಳು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಟಿಕೀಟ್ ಹರಿದು ಹರಿದು ಗೆರೆಗಳೇ ಸವೆದಿವೆ. ಫರೀನ ಒದ್ದೆ ಬಟ್ಟೆಯಿಂದ ನನ್ನ ಬೆರಳನ್ನು ಒರೆಸಿ, ಬೇರೆ ಬೆರಳಿಟ್ಟು, ಐದನೆಯ ಸಲಕ್ಕೆ ಒಪ್ಪಿಸಿದಳು. ಮೂರು ದಿನ ಬಿಟ್ಟು ಹೊಸ ಸಿಮ್ ಶುರುವಾಯಿತು. ನಂಬರ್ ಅದೇ. ಈಗ ಗೂಡಿನಲ್ಲಿ ಇಟ್ಟರೂ ಪೂರಾ ಬಾರಿಸುತ್ತದೆ. ಅವ್ವ ಹಸಿರು ಗುಂಡಿ ಒತ್ತುವುದನ್ನು ಮೊಮ್ಮಗಳ ಹತ್ತಿರ ಕಲಿತಿದ್ದಾಳೆ.

ಹುಕ್ಕೇರಿಯ ಮಾತನ್ನು ಈ ಮನೆಯಲ್ಲಿ ಇನ್ನು ಯಾರೂ ಎತ್ತುವುದಿಲ್ಲ. ಉಮೇಶ ತಾನೇ ಒಂದು ಕಾಗದ ಬರೆಯುತ್ತೇನೆ ಎಂದಿದ್ದಾನೆ. ಬರೆಯಲಿಕ್ಕೆ ಬರುತ್ತದೋ ಇಲ್ಲವೋ ದೇವರೇ ಬಲ್ಲ. ಹಾಸ್ಟೆಲಿನ ಹುಡುಗಿಯರಿಗೆ ಈ ಅಜ್ಜನ ಪ್ರೀತಿ ಹೇಳು. ನೀನು ನೂರು ಕಾಲ ಸುಖವಾಗಿರು, ಯವ್ವಾ. ಅವ್ವ ಬಾಜೂಕ್ಕೆ ಕುಳಿತು, ತನ್ನ ಹೆಸರನ್ನೂ ಬರೆಯಿರಿ ಎನ್ನುತ್ತಿದ್ದಾಳೆ.

ನಿನ್ನ ಅಪ್ಪ
ಕೆಂಚಪ್ಪ
(ಅವ್ವ ಸಾತವ್ವನೂ)

ತಾ.ಕ.: ಇದನ್ನು ಗೋಕಾಕದ ಪೋಸ್ಟಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮನೆಯಲ್ಲಿ ಪೂನಮ್ ಕಾಗದವನ್ನು ಅವ್ವನಿಗೆ ಓದಿ ಹೇಳಿದಳು, ಅಲ್ಲಿ ಬರೆಯಲು ಆಗಲಿಲ್ಲ. ಪದ್ದೀ, ನೀನು ಹಚ್ಚಿದ ಮೊದಲ ಫೋನ್ ಸೋಮವಾರದ್ದಲ್ಲ. ಆ ವರ್ಷದ ದೀಪಾವಳಿ ಪಾಡ್ಯದ ಮರುದಿನ, ಹಗಲು ಹನ್ನೊಂದಕ್ಕೆ ಬಂತು. ನಾನು ಇಲ್ಲೇ ಗೋಕಾಕದ ಡಿಪೋದಲ್ಲಿ ಹಳೆಯ ಗೆಳೆಯರ ನಡುವೆ ಕುಳಿತಿದ್ದೆ. ನಿನ್ನ ಹೆಸರು ಬಂತು, ಐದು ಸಲ ಬಾರಿಸಿತು. ಯಾರದು ಎಂದು ಅವರು ಕೇಳಿದರು. "ಯಾರೋ ಕಂಪನಿಯವರು," ಎಂದು ಹೇಳಿ ಕೆಂಪು ಗುಂಡಿ ಒತ್ತಿದೆ. ಅದಕ್ಕೇ ಅಲ್ಲವೇ ನೀನು ಆಮೇಲೆ ಸಂಜೆ ಹೊತ್ತು, ಅವ್ವ ಮನೆಯಲ್ಲಿರುವಾಗ, ಹಚ್ಚತೊಡಗಿದ್ದು? ನೆಟ್‌ವರ್ಕ್ ಅಂದು ಚೆನ್ನಾಗಿತ್ತು. ಅದನ್ನು ಕಟ್ ಮಾಡಿದ್ದು ನಾನು. ತಪ್ಪಾಯಿತು ಮಗಳೇ.