ಬದುವಿನ ಮೇಲೆ ನಿಲ್ಲಿಸಿದವನಿಗೆ

ಕೊಳ್ಳೇಗಾಲ
1952, ಭಾನುವಾರ

ಗೆಳೆಯ ಹೊನ್ನಯ್ಯನಿಗೆ,

ಗೆಳೆಯ ಎಂದು ಬರೆದು ಒಮ್ಮೆ ಹೊಡೆದು ಹಾಕಿದೆ. ಬೇರೆ ಪದ ಸಿಗಲಿಲ್ಲ, ಮತ್ತೆ ಅದನ್ನೇ ಬರೆದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದು. ಕಾಮಗೆರೆಯಲ್ಲಿ ನಿನ್ನ ಮಾವನ ಮನೆಯವರು ಕಾಗದ ಒಡೆದು ನೋಡುತ್ತಾರೋ ಏನೋ, ಆ ಭಯವೂ ಇದೆ.

ಬುಧವಾರ ಗರಡಿಯ ಹಿರಿಯರು ನಿನ್ನನ್ನು ವಸ್ತಾದ್ ಮಾಡಲು, ಗರಡಿಯ ಗುರುವಿನ ಜಾಗದಲ್ಲಿ ಕೂರಿಸಲು ಸೇರುತ್ತಾರೆ. ಇನ್ನು ಮೇಲೆ ಯಾರಿಗೆ ಯಾರು ಜೋಡಿ ಎಂದು ಹೇಳುವವನು ನೀನೇ. ಹಿರಿಯರ ಪೈಕಿ ಪುಟ್ಟಸಿದ್ದಯ್ಯ ಮಾವ ನನ್ನನ್ನೂ ಕೇಳಿದರು: "ಏನ್ಲಾ ಚೌಡಯ್ಯ, ಒನ್ನಯ್ಯ ಆಗ್ಬೋದಾ? ನಿನ್ಗಿಂತ ಅವ್ನ ಬಲ್ಲೋರು ಯಾರವ್ರೆ?" ಬುಧವಾರ ಹೇಳುತ್ತೇನೆ ಎಂದು ಎದ್ದು ಬಂದೆ.

ಯಳಂದೂರಿನ ಕುಸ್ತಿಯ ದಿನ, ಜೋಡಿ ಕಟ್ಟುವ ಹೊತ್ತಿನಲ್ಲಿ ನೀನು ನನ್ನ ಕಿವಿಯಲ್ಲಿ ಹೇಳಿದೆ: "ಗಿಡ್ಡ ಅಂತ ವಾಪಸ್ ಕಳಿಸ್ಬುಟ್ಟಾರು ಕಣ್ಲಾ. ಅಖಾಡದ ಬದುವಿನ್ ಮ್ಯಾಲೆ ನಿಂತ್ಕೋ." ನಿಂತೆ. ನನ್ನ ಎದುರಾಳಿ, ಆ ಉದ್ದನೆಯ ಶಿವನಂಜಯ್ಯ, ಅಗೆದ ಮಣ್ಣಿನಲ್ಲಿ ಪಾದ ಹೂತು ನಿಂತಿದ್ದ. ದೂರದಿಂದ ನೋಡಿದ ಹಿರಿಯರು ಸರಿಜೋಡಿ ಎಂದರು. ಎತ್ತರದವನಂತೆ ಕಂಡೆನಲ್ಲ ಎಂದು ಹಿಗ್ಗಿಹೋದೆ. ಆ ಸುಳ್ಳಿನಲ್ಲಿ ನನಗೂ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೂ "ಅವನ ತೋಳು ನೋಡ್ಲಾ" ಎಂದು ಮೂರು ಸಲ ಹೇಳಿದೆ. ನೀನು ನಕ್ಕೆ: "ನೀನು ಹೆದ್ರುಪುಕ್ಲ ಕಣ್ಲಾ, ನಿನ್ ನೆಳ್ಳಿಗೂ ಬೆಚ್ತೀಯ."

ಮಣ್ಣಿಗಿಳಿದ ಮೇಲೆ ಗೊತ್ತಾಯಿತು. ನಾನು ಅವನ ಕುತ್ತಿಗೆಗೆ ಕೈ ಚಾಚುವ ಮೊದಲೇ ಅವನ ಅಂಗೈ ನನ್ನ ಹಣೆ ಒತ್ತಿ ಹಿಡಿಯುತ್ತಿತ್ತು. ಅವನಿಗೆ ನಾನು ಕೈಗೆಟುಕುವಷ್ಟು ಹತ್ತಿರ. ನನಗೆ ಅವನು ದೂರ. ಕೊನೆಗೆ ತಲೆ ತಗ್ಗಿಸಿ ನುಗ್ಗಿ ಅವನ ಮೊಣಕಾಲು ಹಿಡಿದೆ. ಗಿಡ್ಡನಿಗೆ ಇರುವುದು ಅದೊಂದೇ ದಾರಿ. ಅವನು ನನ್ನ ಬೆನ್ನ ಮೇಲೆ ಬಾಗಿ, ಆ ಉದ್ದನೆಯ ಕೈಯನ್ನು ಹೊಟ್ಟೆಯಡಿಗೆ ಹಾಕಿ ಮಗುಚಿದ. ಬಲ ಭುಜ ಲಟಕ್ ಎಂದಿತು.

ಈಗ ಲಾಳಿ ಎಸೆಯಲು ತೋಳು ಏಳುವುದಿಲ್ಲ. ಮಗ್ಗದಲ್ಲಿ ನನ್ನ ಹೆಂಡತಿ ರುದ್ರಾಣಿ ಕೂರುತ್ತಾಳೆ. ನಾನು ಪಕ್ಕದಲ್ಲಿ ಅವಳ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತೇನೆ. ಅದನ್ನೂ ನನ್ನ ಹಣೆಬರಹ ಎಂದುಕೊಂಡಿದ್ದೆ.

ಹೋದ ವಾರ ಶಿವನಂಜಯ್ಯನೇ ಭುಜ ವಿಚಾರಿಸಿಕೊಂಡು ಮನೆಗೆ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಕೂತು ಹೇಳಿದ: "ನನ್ಗೆ ಜೋಡಿ ಅಂತ ಮೊದ್ಲು ಗೊತ್ ಮಾಡಿದ್ದು ಒನ್ನಯ್ಯನ್ನೇ ಕಣಣ್ಣ, ನನ್ನಷ್ಟೇ ಉದ್ದ ಅವ್ನೂ. ಅವ್ನೇ ನಮ್ಮೋರ ತಾವ ಬಂದು, 'ಚೌಡಯ್ಯನ್ನ ನೋಡಿ, ಅವನೇ ಸರಿಜೋಡಿ' ಅಂದ. ಗಿಡ್ಡ ಕಾಣ್ಲಿ ಅಂತ ನನ್ನ ಅಗೆದ ಮಣ್ಣಿಗೆ ಇಳ್ಸುದ್ದೂ ಅವ್ನೇಯ."

ರುದ್ರಾಣಿ ಕೊಟ್ಟ ಮಜ್ಜಿಗೆ ಕೈಯಲ್ಲೇ ಉಳಿಯಿತು. ಹೊನ್ನಯ್ಯ, ಹೆದರಿದ್ದವನು ನೀನು! ಹೆದರಿಕೆ ನನಗೇನು ಹೊಸದೇ? ಒಂದು ಮಾತು ಹೇಳಿದ್ದರೆ ಇಬ್ಬರೂ ಬಟ್ಟೆ ಹಾಕಿಕೊಂಡು ಊರಿಗೆ ಬರುತ್ತಿದ್ದೆವು. ಬದಲಿಗೆ ನನ್ನನ್ನು ಹೆದರುಪುಕ್ಕಲ ಎಂದು ನಕ್ಕು, ನಿನ್ನ ಬದಲು ಮಣ್ಣಿಗೆ ಕಳಿಸಿದೆ.

ಬುಧವಾರ ನೀನೇ ಬಂದು ಹಿರಿಯರ ಮುಂದೆ ಹೇಳು. ಹೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ಆಮೇಲೂ ಅವರು ನಿನ್ನನ್ನೇ ವಸ್ತಾದ್ ಮಾಡಿದರೆ ಮಾಡಲಿ. ನೀನು ಬರದಿದ್ದರೆ ನಾನು ಹೇಳುತ್ತೇನೆ. ನಾಲಿಗೆ ತೊದಲಿದರೂ ಹೇಳುತ್ತೇನೆ.

ಬೆಳಗಿನ ಬಸ್ಸಿಗೇ ಹೊರಡು. ಆಮೇಲಿನದನ್ನು ನಂಬಬೇಡ, ಅದು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ.

ಮಾದಪ್ಪ ನಿನ್ನ ಎರಡೂ ತೋಳುಗಳನ್ನು ಕಾಯಲಿ.

ನಿನ್ನ ಜೊತೆ ಮಣ್ಣು ಹಿಡಿದವನು,
ಚೌಡಯ್ಯ