ಚೆಕ್ ಮಾಡಿದವರ ಸೈನ್

9 ಜನವರಿ 1984, ಸೋಮವಾರ

ಮತ್ತೆ ವೇಣುಗೋಪಾಲ್ ಸರ್ ಕ್ಲಾಸ್. ಜಾಲಹಳ್ಳಿ ಕಡೆಯ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಸೆಕ್ಷನ್ ಬಿಟ್ಟು ಈ ವರ್ಷ ಪಾಠಕ್ಕೆ ಬಂದವರು. ನಮ್ಮನ್ನೂ ಫ್ಯಾಕ್ಟರಿಯವರು ಅಂದ್ಕೊಂಡಿದ್ದಾರೆ. ಯಲಹಂಕದ ಈ ಕಾಲೇಜಲ್ಲಿ ಕಂಪ್ಯೂಟರ್ ಮಶೀನೇ ಇಲ್ಲ. ಗುರುವಾರ ವ್ಯಾನ್‌ನಲ್ಲಿ ನಮ್ಮ ಪ್ರೋಗ್ರಾಂ ತೂತು ಹೊಡೆದ ಪಂಚ್ ಕಾರ್ಡ್ ಕಟ್ಟುಗಳು ಅಲ್ಲಿಗೆ ಹೋಗ್ತವೆ. ಒಬ್ಬರಿಗೆ ಒಂದೇ ರನ್, ಒಂದೇ ಸಲ ಓಡಿಸಿ ನೋಡೋದು. ಸೆಕ್ಷನ್‌ವಾರು ಫ್ಯಾಕ್ಟರಿಯವರ ಸಂಬಳದ ಆವರೇಜ್ ಬರಬೇಕು. ಒಬ್ಬರು ಪ್ರೋಗ್ರಾಂ ಬರೆದ ಶೀಟನ್ನ ಇನ್ನೊಬ್ಬರು ನೋಡಿ ಸೈನ್ ಹಾಕಬೇಕು. ಫೇಲಾದರೆ ಹಾಲ್ ಟಿಕೆಟ್ ಹೋಗೋದು ಬರೆದವರದ್ದಲ್ಲ, ಸೈನ್ ಹಾಕಿದವರದ್ದು.

"ತಪ್ಪು ಎಲ್ಲರೂ ಮಾಡ್ತಾರೆ ಕಣ್ರಪ್ಪಾ. ಹಿಡಿಯೋಕೆ ಅಂತಲೇ ಇನ್ನೊಬ್ಬರು." ಅಂದ್ರು ಸರ್.

11, ಬುಧವಾರ

ನನ್ನ ಜೋಡಿ ಅಲಮೇಲು. ರೂಮ್‌ಮೇಟ್, ಕ್ಲಾಸಿಗೇ ಫಸ್ಟ್. ಊಟ ಆದ್ಮೇಲೆ ಕೂತು ನಿನ್ನ ಶೀಟ್ ನೋಡ್ತೀನಿ ಅಂದ್ಲು. ನೋಡಿದ್ರೆ ನಗ್ತಾಳೆ... ಏನ್ ನೋಡ್ತೀಯೇ, ಸೈನ್ ಹಾಕು ಅಂತ ಪೆನ್ ಕೈಗೆ ತುರುಕಿದೆ. ಹಾಕಿದ್ಲು.

ಅವಳದ್ದನ್ನ ನಾನು ಸಾಲುಸಾಲಾಗಿ ನೋಡಿದೆ. ಜನವೇ ಇಲ್ಲದ ಸೆಕ್ಷನ್ ಬಂದ್ರೆ? ಸೊನ್ನೆಯಿಂದ ಭಾಗಿಸೋಕೆ ಹೋಗಿ ಪ್ರೋಗ್ರಾಂ ನಿಂತೇ ಹೋಗುತ್ತೆ. ಹೇಳಿದೆ.

"ಜನ ಇಲ್ದಿರೋ ಸೆಕ್ಷನ್ ಯಾರೇ ಇಟ್ಕೋತಾರೆ, ನಿಮ್ಮ ತಾತನಾ? ಹಾಕೇ."

ಹಾಕಿದೆ.

12, ಗುರುವಾರ, 3.30

ವ್ಯಾನ್ ಹೊರಡೋ ಮುಂಚೆ ಸರ್ ಹತ್ರ ಓಡಿದೆ. ಅಲಮೇಲು ಶೀಟಲ್ಲಿ ನನ್ನ ಸೈನ್ ಹೊಡೆದು ಹಾಕ್ತೀನಿ ಅಂದೆ. ಯಾಕೆ ಅಂತ ಕೇಳಲಿಲ್ಲ. ಸೈನ್ ಇಲ್ದೆ ಅವಳ ಕಟ್ಟು ಇವತ್ತು ಹೋಗಲ್ಲ, ಮುಂದಿನ ವಾರಕ್ಕೆ, ಹತ್ತು ಮಾರ್ಕ್ಸ್ ಕಟ್, ಗೊತ್ತಲ್ಲ ಅಂದ್ರು. ಗೊತ್ತು ಸರ್. ಸೈನ್ ಮೇಲೆ ಗೆರೆ ಎಳೆದೆ.

15, ಸಂಕ್ರಾಂತಿ

ಅಲಮೇಲು ಮನೆಯಿಂದ ಎಳ್ಳು-ಬೆಲ್ಲ ಬಂತು. ಹಾಸ್ಟೆಲಲ್ಲಿ ಎಲ್ಲರ ಕೈಗೂ ಕೊಟ್ಲು. ನನ್ನ ಪಾಲು ಪೇಪರಲ್ಲಿ ಮಡಚಿ ದಿಂಬಿನ ಮೇಲಿತ್ತು. ನಾನು ತಿನ್ನಲಿಲ್ಲ.

17, ಮಂಗಳವಾರ

ಪ್ರಿಂಟೌಟ್ ಬಂತು. ಸರ್ ಬೇಕಂತಲೇ ಖಾಲಿ ಸೆಕ್ಷನ್ ಒಂದನ್ನ ಸೇರಿಸಿದ್ರಂತೆ. ನನ್ನ ಪ್ರೋಗ್ರಾಂ ಅದನ್ನ ದಾಟಿತ್ತು. ಆದ್ರೆ — ಒಂದು ಸೆಕ್ಷನ್ ಮುಗಿದ್ಮೇಲೆ ಟೋಟಲ್ ಸೊನ್ನೆ ಮಾಡೋದನ್ನೇ ಮರೆತಿದ್ದೆ. ಹಿಂದಿನವರ ಸಂಬಳವೆಲ್ಲ ಮುಂದಿನವರ ತಲೆ ಮೇಲೆ. ಕೊನೇ ಸೆಕ್ಷನ್ ಹೆಲ್ಪರ್‌ಗಳಿಗೆ ತಿಂಗಳಿಗೆ ಲಕ್ಷ. ಕ್ಲಾಸ್ ನಕ್ಕಿತು. ಸರ್ ನಗಲಿಲ್ಲ.

"ಚೆಕ್ ಮಾಡಿದ್ದು ಯಾರು?"

ಅಲಮೇಲು ಎದ್ದು ನಿಂತ್ಲು. ನನ್ನ ಕಡೆ ನೋಡಲಿಲ್ಲ. ಪೆನ್ ತುರುಕಿದ್ದು ಹೇಳಲಿಲ್ಲ. ಓದದೇ ಹಾಕಿದೆ ಸರ್ ಅಂದ್ಲು, ಅಷ್ಟೇ. ಸರ್ ಅವಳ ಹೆಸರು ಬರ್ಕೊಂಡ್ರು. ಅವಳ ಹಾಲ್ ಟಿಕೆಟ್ ಹೋಯ್ತು.

ಈಗ ಸ್ಟಾಫ್‌ರೂಮ್ ಬಾಗಿಲಲ್ಲಿದೀನಿ. ಸರ್ ಫೋನ್‌ನಲ್ಲಿದ್ದಾರೆ. ಒಳಗೆ ಹೋದ್ರೆ ತೊದಲ್ತೀನಿ, ಅದಕ್ಕೇ ಹೇಳೋದನ್ನ ಇಲ್ಲೇ ಬರ್ಕೊಳ್ತಿದೀನಿ. ಅವಳು ನೋಡ್ತೀನಿ ಅಂದಿದ್ಲು ಸರ್. ಬೇಡ ಅಂದದ್ದು ನಾನು —